‘ತೆಗೆ’ ಎಂದು ಬರೆದ ಏಳು ಪೆಟ್ಟಿಗೆ

ಬಡಾವಣೆಯವರೆಲ್ಲ ಅವಳನ್ನು ಕರೆಯುವುದೇ ಕಪಾಟಕ್ಕ ಎಂದು. ಎದುರಿಗೇ ಕರೆದರೂ ಅವಳಿಗೆ ಬೇಸರವಿರಲಿಲ್ಲ. ಮೂವತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ಕಂಡವರ ಮಾತಿಗೆ ತಂತಿ ಜೋಡಿಸಿ, ನಿವೃತ್ತಿಯಾದ ಮರುವಾರವೇ ಸಮುದಾಯ ಭವನದ ಮಹಡಿಯ ಉದ್ದ ಕೋಣೆಗೆ ಬಂದು ಕೂತವಳು, ಹನ್ನೊಂದು ವರ್ಷವಾದರೂ ಅಲ್ಲಿಂದ ಎದ್ದಿರಲಿಲ್ಲ. ಬಡಾವಣೆಯ ಹಳೆಯದೆಲ್ಲ ಆ ಕೋಣೆಗೆ ಬಂದು ಸೇರುತ್ತಿತ್ತು. ಮುಚ್ಚಿದ ಶಾಲೆಯ ಹಾಜರಿ ಪುಸ್ತಕ, ಬಾಗಿಲು ಹಾಕಿದ ಕ್ಷೌರದಂಗಡಿಯ ಬೋರ್ಡು, ಯಾರು ಯಾರೆಂದು ಯಾರಿಗೂ ತಿಳಿಯದ ಗುಂಪು ಫೋಟೊಗಳು, ನಿಂತುಹೋದ ಬಸ್ಸಿನ ಟಿಕೆಟ್ಟುಗಳು. “ಅತ್ತಿಗೆ, ಕಪಾಟಿನಲ್ಲಿ ಜಾಗ ಇದ್ರೆ ನಿಮ್ಮ ತಮ್ಮನ ಹಳೇ ಚಪ್ಪಲೀನೂ ಒಯ್ದು ಇಟ್ಕೊಳ್ಳಿ, ಪುಣ್ಯ ಬರುತ್ತೆ” ಎಂದು ತಮ್ಮನ ಹೆಂಡತಿ ಕಿಚಾಯಿಸುತ್ತಿದ್ದಳು. ಕಪಾಟಕ್ಕ ನಗುತ್ತಿದ್ದಳು. ಒಂದು ಸಲ ಮಾತ್ರ, ಆ ಚಪ್ಪಲಿ ಯಾವ ಅಂಗಡಿಯದು ಎಂದು ಕೇಳಿಯೂ ಬಿಟ್ಟಿದ್ದಳು.

ಅವಳ ಕೆಲಸ ಬಲು ನಿಧಾನ. ಅದಕ್ಕೊಂದು ಕಾರಣವಿತ್ತು. ಟೆಲಿಫೋನ್ ಕಚೇರಿಗೆ ಸೇರಿದ ಹೊಸತರಲ್ಲಿ ಅವಸರದಲ್ಲಿ ತಪ್ಪು ತಂತಿ ಕಿತ್ತು, ಆಸ್ಪತ್ರೆಯಿಂದ ತಾಯಿಯೊಡನೆ ಮಾತಾಡುತ್ತಿದ್ದ ಮಗನೊಬ್ಬನ ಕರೆಯನ್ನು ಕಡಿದುಬಿಟ್ಟಿದ್ದಳು. ಆ ತಾಯಿ ಮತ್ತೆ ಮತ್ತೆ ಕರೆ ಮಾಡಿ “ಇನ್ನೊಂದ್ಸಲ ಕೊಡಿಸಿ ತಾಯಿ” ಎಂದು ಅತ್ತಳು. ಮತ್ತೆ ಲೈನು ಸಿಗಲಿಲ್ಲ. ಅಂದಿನಿಂದ ಕಪಾಟಕ್ಕ ಯಾವುದನ್ನೂ ಅವಸರದಲ್ಲಿ ಮುಟ್ಟಿದವಳಲ್ಲ. ಒಂದು ಫೋಟೊದ ಹಿಂದೆ ಪೆನ್ಸಿಲಿನಲ್ಲಿ ನಾಲ್ಕು ಅಕ್ಷರ ಬರೆಯಲು ಅರ್ಧ ಬೆಳಗು ತೆಗೆದುಕೊಳ್ಳುತ್ತಿದ್ದಳು. ಮೆಚ್ಚಬೇಕಾದ ಗುಣವೇ ಅದು. ಆದರೆ ಜೋಪಾನ ಮಾಡುವುದು ಬೇರೆ, ಮುಟ್ಟಲು ಹೆದರುವುದು ಬೇರೆ. ಇವೆರಡರ ನಡುವಿನ ಗೆರೆ ಯಾವಾಗ ಅಳಿಸಿಹೋಯಿತೆಂದು ಅವಳಿಗೇ ಗೊತ್ತಾಗಲಿಲ್ಲ.

ಪೆಟ್ಟಿಗೆಗಳಿಗೆ ಅವಳು ಎರಡೇ ಬಗೆಯ ಚೀಟಿ ಅಂಟಿಸುತ್ತಿದ್ದಳು. ಸಾಧಾರಣ ಸಾಮಾನಿನ ಮೇಲೆ ‘ಇಡು’. ಕೈ ತಾಗಿದರೆ ಪುಡಿಯಾಗುವಂಥವು, ಇನ್ನೊಂದು ಪ್ರತಿ ಎಲ್ಲೂ ಇಲ್ಲದವು ಮಾತ್ರ ಬೇರೆಯಾಗಿ ತೆಗೆದಿಡಬೇಕಾದವು. ಚೀಟಿ ಚಿಕ್ಕದು, ‘ತೆಗೆದಿಡು’ ಎಂಬುದು ಅದರಲ್ಲಿ ಹಿಡಿಸುತ್ತಿರಲಿಲ್ಲ. ಹಾಗಾಗಿ ‘ತೆಗೆ’ ಎಂದು ಬರೆದು ಪಕ್ಕದಲ್ಲೊಂದು ಚುಕ್ಕೆ ಇಡುತ್ತಿದ್ದಳು. ಅವಳಿಗೆ ಅರ್ಥವಾಗುತ್ತಿತ್ತು. ಕೋಣೆಗೆ ಬರುತ್ತಿದ್ದವಳು ಅವಳೊಬ್ಬಳೇ ಆದ್ದರಿಂದ ಅಷ್ಟು ಸಾಕಾಗಿತ್ತು.

ನಾಲ್ಕು ವರ್ಷದ ಹಿಂದೆ ಮೂಲೆಮನೆಯ ಇಸ್ತ್ರಿಯವಳು ಸೆರಗಿನಲ್ಲಿ ಒಂದು ಪೊಟ್ಟಣ ಕಟ್ಟಿಕೊಂಡು ಮಹಡಿ ಹತ್ತಿ ಬಂದಳು. ಅವಳು ಒಂದೂವರೆ ವರ್ಷದ ಕೂಸಾಗಿದ್ದಾಗ ನೂಲಿನ ಗಿರಣಿಯ ಗೋಡೆ ಕುಸಿದು ಹತ್ತು ಜನ ಸತ್ತಿದ್ದರು. ಅವರಲ್ಲಿ ಅವಳ ಅಪ್ಪನೂ ಒಬ್ಬ. ತಾಯಿ ಮೊದಲೇ ಹೋಗಿದ್ದಳು. ಪಕ್ಕದ ಮನೆಯವಳು ಕೂಸನ್ನು ಎತ್ತಿಕೊಂಡು ಸಾಕಿದಳು. ಕಾಗದಪತ್ರದಲ್ಲೆಲ್ಲ ಸಾಕಿದವರ ಹೆಸರೇ ಸೇರಿಕೊಂಡಿತು. ಅಪ್ಪ ಪರವೂರಿನಿಂದ ಬಂದು ಅದೇ ವಾರ ಕೆಲಸಕ್ಕೆ ಸೇರಿದ್ದವನು. ಓಣಿಯವರು ಕುಳ್ಳಣ್ಣ ಎಂದು ಕರೆದಿದ್ದಷ್ಟೇ, ನಿಜವಾದ ಹೆಸರು ಯಾರ ಬಾಯಿಗೂ ಬಂದಿರಲಿಲ್ಲ. ಗಿರಣಿಯ ಕಚೇರಿ ಪುಸ್ತಕದಲ್ಲಿ ಒಂಬತ್ತೇ ಹೆಸರಿತ್ತು, ಹೊಸಬನನ್ನು ಇನ್ನೂ ಬರೆದುಕೊಂಡಿರಲಿಲ್ಲ. ಆದರೆ ಬಾಗಿಲ ಕಾವಲುಗಾರ ಆ ದಿನ ಒಳಗೆ ಹೋದವರ ಹೆಸರನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿದ್ದ. ಆ ಹಾಳೆಯನ್ನು ಕಿತ್ತು, ಮಡಚಿ, ಸಾಕುತಾಯಿಯ ಕೈಗೆ ಕೊಟ್ಟು, “ಮಗು ದೊಡ್ಡದಾದ ಮೇಲೆ ಬೇಕಾಗುತ್ತೆ” ಎಂದಿದ್ದ. ಅವಳು ಅದನ್ನು ಗೋಡೆಯ ಕನ್ನಡಿಯ ಹಿಂದೆ ಸಿಕ್ಕಿಸಿ ಮರೆತಳು. ಸಾಯುವಾಗ ನೆನಪಾಗಿ ಹೇಳಿದಳು. ಅಷ್ಟರಲ್ಲಿ ಗೋಡೆಯ ತೇವಕ್ಕೆ ಮಡಿಕೆಗಳು ಒಂದಕ್ಕೊಂದು ಕಚ್ಚಿಕೊಂಡು ಹಾಳೆ ಗಟ್ಟಿ ಗಂಟಾಗಿತ್ತು.

“ಬಲವಂತ ಮಾಡಿ ಬಿಡಿಸೋಕೆ ಹೋಗ್ಬೇಡ ಕಣಮ್ಮ, ಅಕ್ಷರ ಕಿತ್ತು ಬರುತ್ತೆ” ಎಂದು ಕಪಾಟಕ್ಕ ಹೇಳಿದಳು. “ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಹತ್ತಿಯ ಮೇಲೆ ಜಾಲರಿ ಇಟ್ಟು, ಅದರ ಮೇಲೆ ಇದನ್ನಿಟ್ಟು ನಿಧಾನವಾಗಿ ಮೆತ್ತಗೆ ಮಾಡ್ಬೇಕು. ಸರದಿ ಬಂದಾಗ ಮಾಡ್ತೀನಿ.”

“ನಿಮ್ಮ ಕೈಲಿದ್ರೆ ಸಾಕು ಅಕ್ಕ. ನಂಗೆ ಹೆಸರು ಗೊತ್ತಾದ್ರೆ ಸಾಕು” ಎಂದು ಇಸ್ತ್ರಿಯವಳು ಕೈಮುಗಿದು ಹೋದಳು.

ನಾಲ್ಕು ವರ್ಷದಲ್ಲಿ ಕಪಾಟಕ್ಕ ಆ ಗಂಟನ್ನು ಮೂರು ಸಲ ಹೊರಗೆ ತೆಗೆದಳು. ಮೂರು ಸಲವೂ ಬಿಡಿಸದೆ ಮತ್ತೆ ‘ತೆಗೆ’ ಚೀಟಿಯ ಪೆಟ್ಟಿಗೆಯೊಳಗಿಟ್ಟಳು.

ಈ ವರ್ಷ ಗಿರಣಿಯಿದ್ದ ಜಾಗದಲ್ಲಿ ಪಾರ್ಕು ಮಾಡಿ, ಅದರ ಬಾಗಿಲಲ್ಲಿ ಸತ್ತವರ ಹೆಸರಿನ ಕಲ್ಲು ನಿಲ್ಲಿಸುವುದೆಂದು ಬಡಾವಣೆಯ ಸಂಘ ತೀರ್ಮಾನಿಸಿತು. ಹೆಸರು ಕೆತ್ತುವವನು ಶನಿವಾರ ಬರುವವನಿದ್ದ. ಸಂಘದ ಕಾರ್ಯದರ್ಶಿ ಸಜ್ಜನನೇ. “ಹತ್ತನೆಯವರ ಹೆಸರು ಶುಕ್ರವಾರದೊಳಗೆ ಕೊಟ್ರೆ ಸೇರಿಸ್ತೀವಿ. ಕುಳ್ಳಣ್ಣ ಅಂತ ಕಲ್ಲಿನ ಮೇಲೆ ಕೆತ್ತೋಕಾಗುತ್ತಾ ಹೇಳಿ?” ಎಂದ. ಕಪಾಟಕ್ಕ ಇಸ್ತ್ರಿಯವಳಿಗೆ ಹೇಳಿ ಕಳಿಸಿದಳು: ಶುಕ್ರವಾರ ಬಾ, ನಿನ್ನೆದುರಿಗೇ ಬಿಡಿಸ್ತೀನಿ.

ಬುಧವಾರ ಬೆಳಿಗ್ಗೆ ಅವಳು ಅದೇ ಗಂಟಿಗೆಂದು ನೀರು ಹೀರುವ ಒತ್ತುಕಾಗದ ತರಲು ಪೇಟೆಗೆ ಹೋದಳು. ಗುರುವಾರ ಬರಬೇಕಿದ್ದ ಬಣ್ಣದವರು ಒಂದು ದಿನ ಮೊದಲೇ ಬಂದರು. ಕೋಣೆ ಖಾಲಿ ಮಾಡಿಕೊಡಿ ಎಂದರು. ಕಾರ್ಯದರ್ಶಿ ಇಬ್ಬರು ಕೂಲಿಯವರನ್ನು ಕರೆದುಕೊಂಡು ಮಹಡಿಗೆ ಬಂದ, ಚೀಟಿಗಳನ್ನು ನೋಡಿದ, ಕಪಾಟಕ್ಕನ ಅಚ್ಚುಕಟ್ಟನ್ನು ಮನಸಾರೆ ಹೊಗಳಿದ. ‘ಇಡು’ ಎಂದಿದ್ದ ನೂರಾರು ಪೆಟ್ಟಿಗೆಗಳನ್ನು ಕೆಳಗಿನ ಹಜಾರದಲ್ಲಿ ಜೋಪಾನವಾಗಿ ಜೋಡಿಸಿದರು. ‘ತೆಗೆ’ ಎಂದಿದ್ದ ಏಳನ್ನು ರದ್ದಿಯವನ ಗಾಡಿಗೆ ಹಾಕಿ ಕಳಿಸಿದರು.

“ನೀವೇ ಬರೆದಿದ್ರಲ್ಲ, ತೆಗೆ ಅಂತ?” ಎಂದ ಕಾರ್ಯದರ್ಶಿ, ಮಧ್ಯಾಹ್ನ ಕಪಾಟಕ್ಕ ಮರಳಿ ಬಂದು ಕೇಳಿದಾಗ. ಅವನ ಮುಖ ಬಿಳಚಿಕೊಂಡಿತ್ತು. ಅರವತ್ತೊಂಬತ್ತು ವರ್ಷದ ಹೆಂಗಸು ಮೆಟ್ಟಿಲಿಳಿದು, ಬರಿಗಾಲಲ್ಲಿ, ಸೇತುವೆಯಾಚೆಯ ರದ್ದಿ ಅಂಗಡಿಯ ತನಕ ಓಡಿದಳು. ದಾರಿಯಲ್ಲಿ ಯಾರೋ “ಏನಾಯ್ತು ಕಪಾಟಕ್ಕ?” ಎಂದು ಕೂಗಿದರು. ಅವಳ ಕಿವಿಗೆ ಬೀಳಲಿಲ್ಲ.

ಅಲ್ಲಿ ಕಾಗದ ಬೆಟ್ಟದಷ್ಟಿತ್ತು. ಮಂಡಿಯೂರಿ ಎರಡೂ ಕೈಯಿಂದ ಬಗೆದಳು. ಶಾಲೆಯ ಫೋಟೊ ಒಂದು ಸಿಕ್ಕಿತು, ಹರಿದಿತ್ತು. ಮುಚ್ಚಳವೊಂದು ಸಿಕ್ಕಿತು. ಉಗುರು ಸಂದಿಯಲ್ಲಿ ರಕ್ತ ಬಂತು. ಕಾಗದ ಬೇರ್ಪಡಿಸುತ್ತ ಕೂತಿದ್ದ ಹೆಂಗಸು ನೋಡಿ ನೋಡಿ ಸಾಕಾಗಿ, “ಏನು ಹುಡುಕ್ತಿದೀರ ಅಮ್ಮ?” ಎಂದಳು. ಕಪಾಟಕ್ಕ ಬೆರಳುಗಳಲ್ಲಿ ಅಳತೆ ತೋರಿಸಿದಳು. ಇಷ್ಟುದ್ದ, ಇಷ್ಟಗಲ, ಕಂದು ಬಣ್ಣ, ಗಟ್ಟಿ.

“ಓ, ಅಂಟ್ಕೊಂಡಿರೋ ಗಂಟಾ? ಅದನ್ನ ಕಾರ್ಖಾನೆಯವರು ತಗೊಳಲ್ಲ. ಆಗ್ಲೇ ನೀರು ಕಾಯಿಸೋ ಒಲೆಗೆ ಹಾಕಿದ್ನಲ್ಲ” ಎಂದಳು ಅವಳು, ಬಹಳ ಸಹಜವಾಗಿ.

ಕಪಾಟಕ್ಕ ಒಲೆಯ ಬೂದಿಯನ್ನೂ ಕೆದಕಿದಳು. ಇದನ್ನು ಹೇಳಬಾರದಿತ್ತು, ಆದರೆ ಕೆದಕಿದ್ದು ನಿಜ. ಬಿಸಿ ಬೂದಿಯಲ್ಲಿ ಕೈಯಿಟ್ಟು, ಒಂದು ಅಕ್ಷರವಾದರೂ ಸಿಕ್ಕೀತೆಂದು ಮುಷ್ಟಿ ಮುಷ್ಟಿಯಾಗಿ ಎತ್ತಿ ನೋಡಿದಳು. ಆ ಹೆಂಗಸು ಅವಳ ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

ಮರುದಿನ ಅವಳು ಊಟ ಮಾಡಲಿಲ್ಲ. ತಮ್ಮನ ಹೆಂಡತಿ ಅಂದು ಕಿಚಾಯಿಸಲಿಲ್ಲ, ಬೆರಳಿಗೆ ಎಣ್ಣೆ ಹಚ್ಚಿ ಪಕ್ಕದಲ್ಲಿ ಕೂತಳು. ಕಾರ್ಯದರ್ಶಿ ಮನೆಗೇ ಬಂದು ಬಾಗಿಲಲ್ಲಿ ನಿಂತ. “ನೀವು ಆ ಹಾಳೆ ಓದಿದ್ರೆ ಸಾಕು. ಹೆಸರು ಹೀಗಿತ್ತು ಅಂತ ಒಂದು ಮಾತು ಹೇಳಿ, ಕೆತ್ತಿಸಿಬಿಡ್ತೀನಿ. ನಿಮ್ಮ ಮಾತು ಯಾರೂ ತೆಗೆದುಹಾಕಲ್ಲ” ಎಂದ. ಅವನು ಹೋದ ಮೇಲೆ ಕಪಾಟಕ್ಕನ ತಲೆಯಲ್ಲಿ ಹೆಸರುಗಳು ಒಂದೊಂದಾಗಿ ಬಂದವು. ಯಾವುದನ್ನು ಹೇಳಿದರೂ ನಡೆಯುತ್ತಿತ್ತು. ಪರೀಕ್ಷಿಸುವವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ಆ ಮಗಳಿಗೂ ಒಂದು ನೆಮ್ಮದಿ. ಎಂಥ ಸುಲಭದ ದಾರಿ! ಇಡೀ ದಿನ ಅವಳು ಆ ದಾರಿಯ ಬಾಯಲ್ಲೇ ಕೂತಿದ್ದಳು.

ಶುಕ್ರವಾರ ಇಸ್ತ್ರಿಯವಳು ಬಂದಳು. ಮಡಿಕೆ ಕೆಡದ ಸೀರೆ ಉಟ್ಟು, ತಲೆ ಬಾಚಿ, ಮಗಳನ್ನೂ ಜೊತೆಗೆ ಕರೆದುಕೊಂಡು ಬಂದಿದ್ದಳು. ಹೊಸ ಬಣ್ಣದ ವಾಸನೆ ತುಂಬಿದ ಖಾಲಿ ಕೋಣೆಯಲ್ಲಿ ಕಪಾಟಕ್ಕ ನಡೆದದ್ದೆಲ್ಲವನ್ನೂ ಹೇಳಿದಳು. ಚೀಟಿಯ ವಿಷಯವನ್ನೂ, ಒಲೆಯ ವಿಷಯವನ್ನೂ ಬಿಡಲಿಲ್ಲ. ಇಸ್ತ್ರಿಯವಳು ಬೈಯಲಿಲ್ಲ, ಅಳಲೂ ಇಲ್ಲ.

“ಹೋಗ್ಲಿ ಅಕ್ಕ, ಕಲ್ಲು ಹೋದ್ರೆ ಹೋಯ್ತು” ಎಂದಳು. “ನೀವು ಓದಿರ್ತೀರಲ್ಲ. ನಮ್ಮಪ್ಪನ ಹೆಸರೇನಿತ್ತು?”

ಕಪಾಟಕ್ಕನ ನಾಲಗೆಯ ತುದಿಗೆ ಒಂದು ಹೆಸರು ಬಂತು. ಅವಳು ಅದನ್ನು ನುಂಗಿಕೊಂಡಳು.

“ಓದಿಲ್ಲ ಕಣಮ್ಮ.”

“ಒಂದಕ್ಷರಾನೂ?”

“ಬಿಡಿಸಲೇ ಇಲ್ಲ. ಹರಿದೀತು ಅಂತ ಹೆದರಿದೆ.”

ಇಸ್ತ್ರಿಯವಳು ಅವಳ ಸುಟ್ಟ ಬೆರಳುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮಗಳ ಕೈ ಹಿಡಿದು ಎದ್ದಳು.

“ಹರಿದಿದ್ರೆ ಏನಾಗ್ತಿತ್ತು ಅಕ್ಕ?” ಎಂದಳು. “ಅರ್ಧ ಹೆಸರಾದ್ರೂ ಇರ್ತಿತ್ತು ನಂಗೆ.”