ಮುನಿಲಕ್ಷ್ಮಮ್ಮ ಮೇಡಂ ಮಗುಚಿದ ಡ್ರಮ್ಮು

ವೈದ್ಯರಿಗೆ ತಾಳ್ಮೆಯೇ ಮೊದಲ ಔಷಧವೆಂದು ತಿಳಿದವರು ಹೇಳುತ್ತಾರೆ. ಹಾಗೆ ಹೇಳಿದವರಾರೂ ಡಾಕ್ಟರ್ ಮುನಿಲಕ್ಷ್ಮಮ್ಮನವರ ಹಿಂದೆ ಓಡುತ್ತ ಚಿನ್ನದ ಗಣಿಯ ಬಡಾವಣೆ ಚಾಂಪಿಯನ್ ರೀಫ್ಸಿನ ಚರಂಡಿ ದಾಟಿದವರಲ್ಲ.

ಎಂ.ಬಿ.ಬಿ.ಎಸ್. ಮುಗಿಸಿದ ನಮ್ಮಂಥವರನ್ನು ಸಾರ್ವಜನಿಕ ಆರೋಗ್ಯದ ತಜ್ಞರನ್ನಾಗಿ ತಿದ್ದುವುದು ಅವರ ಉದ್ಯೋಗ. ಅವರು ಕುಳಿತು ಪಾಠ ಹೇಳಿದ್ದನ್ನು ನಾನು ಕಂಡಿಲ್ಲ. ಕುರ್ಚಿ ಕೊಟ್ಟರೆ ಅದರ ಮೇಲೆ ಬ್ಯಾಗನ್ನು ಕೂರಿಸಿ ತಾವು ಕಿಟಕಿಯ ಬಳಿ ನಿಲ್ಲುವರು. ಬಂಗಾರಪೇಟೆ ಕಡೆಯ ಹಸು ಕಟ್ಟುವ ಮನೆತನ. ಆತುರವಾದಾಗ ಊರಿನ ಮಾತು ಬರುತ್ತಿತ್ತು. ಆತುರವಿಲ್ಲದ ಗಳಿಗೆ ಇರಲಿಲ್ಲ.

“ಆಸ್ಪತ್ರೆ ಡಾಕ್ಟ್ರು ಕುಂತಿರ್ಲಿ, ಅವ್ರ ತಾವ ರೋಗಿ ಬತ್ತಾನೆ. ನಮ್ ರೋಗಿ ಒಂದು ಬೀದಿ ಕಣಪ್ಪ. ಬೀದಿ ನಡ್ಕಂಡು ಬತ್ತದಾ? ಎದ್ದೇಳು, ಓಗಾನ.”

ಒಂದು ಮಳೆಗಾಲ ಗಣಿ ಕಾರ್ಮಿಕರ ಹಳೆಯ ಮನೆಸಾಲಿನಲ್ಲಿ ಡೆಂಗಿ ಕಾಣಿಸಿತು. ಹರಡುವ ಮೊದಲು ಮನೆಮನೆಯ ನೀರು ನೋಡಬೇಕಿತ್ತು. ಆ ಸಾಲಿನಲ್ಲಿ ವಾಸವಿದ್ದ ಸೆಲ್ವಿಯಕ್ಕನ ಬಾಗಿಲಲ್ಲಿದ್ದ ನೀಲಿ ಡ್ರಮ್ಮಿಗೆ ಟಾರ್ಚ್ ಬಿಟ್ಟೆ, ಸೊಳ್ಳೆಮರಿಗಳು ಕುಣಿಯುತ್ತಿದ್ದವು. ನಾನು ಮನೆಯವರನ್ನು ಕರೆಯುವಷ್ಟರಲ್ಲಿ ಮೇಡಂ ಡ್ರಮ್ಮನ್ನು ಮಗುಚಿಯಾಗಿತ್ತು. ವಿಜ್ಞಾನ ಗೆದ್ದಿತು, ನೀರು ಬೀದಿಗೆ ಹರಿಯಿತು.

ಆ ಸಾಲಿಗೆ ನಲ್ಲಿ ನೀರು ವಾರಕ್ಕೊಮ್ಮೆ. ಮುಂದಿನ ಸರದಿ ಇನ್ನೂ ದೂರವಿತ್ತು.

“ಏನ್ಮಾ, ಸೊಳ್ಳೆ ಕಚ್ಚಿದ್ರೆ ಜ್ವರ ಬರ್ಬೋದು, ಬರ್ದೇನೂ ಇರ್ಬೋದು,” ಎಂದಳು ಸೆಲ್ವಿಯಕ್ಕ. “ಇವತ್ತು ಅನ್ನಕ್ಕೆ ನೀರಿಲ್ಲ. ಅದು ಗ್ಯಾರಂಟಿ.”

ಬಾಗಿಲು ಹಾಕಿಕೊಂಡಳು. ಅವಳನ್ನು ನೋಡಿ ಸಾಲಿನ ಬಾಗಿಲುಗಳೆಲ್ಲ ಮುಚ್ಚಿದವು. ಡ್ರಮ್ಮುಗಳು ಒಳಗೆ, ಸೊಳ್ಳೆಗಳು ಒಳಗೆ, ತಜ್ಞರು ಹೊರಗೆ.

“ತಪ್ಪಾಯ್ತು ಕಣಪ್ಪ, ಕೈ ಮುಂದೋಯ್ತು,” ಎಂದ ಮೇಡಂ, ಮೂಲೆಯ ಅಂಗಡಿಯಿಂದ ಎರಡು ಕೊಡ ಕೇಳಿ ತಂದು, ಒಂದನ್ನು ನನ್ನ ಕೈಗೆ ಕೊಟ್ಟು, ದೂರದ ಬೋರ್‌ವೆಲ್ಲಿನ ಕಡೆ ನಡೆದರು.

“ಡಾಕ್ಟರ್ ಅಂತ ಮುಂದೆ ನುಗ್ಬೇಡಿ, ಲೈನಲ್ಲಿ ಬನ್ನಿ,” ಎಂದರು ಅಲ್ಲಿದ್ದ ಹೆಂಗಸರು.

ಲೈನಿನಲ್ಲಿ ನಿಲ್ಲುವುದು ಮೇಡಮ್ಮಿಗೆ ದೊಡ್ಡ ಶಿಕ್ಷೆ. ಕಾಲು ಬದಲಿಸುತ್ತ, ಪರರ ಕೊಡಗಳನ್ನು ಸರಿಪಡಿಸುತ್ತ, ಯಾರ ಮನೆಯಲ್ಲಿ ಮೈ ಬಿಸಿಯೆಂದು ವಿಚಾರಿಸುತ್ತ, ನಡುನಡುವೆ ನನ್ನನ್ನು ಪ್ರಶ್ನೆ ಕೇಳುತ್ತ ನಿಂತರು. ಡ್ರಮ್ಮು ತುಂಬುವವರೆಗೂ ಇದೇ ಪಾಠ. ತುಂಬಿದ ಮೇಲೆ ಸೆಲ್ವಿಯಕ್ಕನ ಹಳೆಯ ಸೀರೆ ಕೇಳಿ ಪಡೆದು ಸೊಳ್ಳೆ ಒಳಗಿಳಿಯದಂತೆ ಡ್ರಮ್ಮಿನ ಬಾಯಿಗೆ ಬಿಗಿದರು.

“ಇಷ್ಟೇನಾ?” ಎಂದಳು ಆಕೆ. “ಮೊದ್ಲೇ ಹೇಳಿದ್ರೆ ನಾನೇ ಕಟ್ತಿದ್ದೆ. ನಿಮ್ಗೂ ಸೊಂಟ ಉಳೀತಿತ್ತು.” ಆಮೇಲೆ ಪಕ್ಕದ ಮನೆಗೆ ಕೂಗಿದಳು: “ಬಾಗ್ಲು ತೆಗಿ, ಇವ್ರು ಮಗುಚಲ್ಲ.”

ನಿವೃತ್ತರಾದ ಮೇಲೆ ಮೇಡಂ ಒಮ್ಮೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಕ್ಕರು. ಬೆಂಚು ಖಾಲಿಯಿತ್ತು, ಅವರು ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದಾಡುತ್ತಿದ್ದರು.

“ಸೆಲ್ವಿ ಬಟ್ಟೆ ಕಟ್ತವ್ಳಾ?”

“ಕಟ್ತಾರೆ ಮೇಡಂ. ಒಂದೊಂದ್ಸಲ ಮರೀತಾರೆ.”

“ಮತ್ತೆ ಇಲ್ಲೇನ್ ನಿಂತಿದ್ದೀಯ? ನೋಡ್ಕಂಡ್ ಬಾ ಓಗು,” ಎಂದು ರೈಲು ಹತ್ತಿದರು. ಆ ಚಳಿಗಾಲದಲ್ಲಿ ಮೇಡಂ ತೀರಿಕೊಂಡರೆಂದು ಸುದ್ದಿ ಬಂತು.

ಮುಂದಿನ ಮಳೆಗಾಲ ಸೆಲ್ವಿಯಕ್ಕನ ಸಾಲಿನಲ್ಲಿ ಒಬ್ಬರಿಗೆ ಮಾತ್ರ ಡೆಂಗಿ ಬಂತು. ವಾಸಿಯಾಯಿತು.