ಭೀಮೆಯ ಒರತೆ ಮತ್ತು ನನ್ನ ಅವ್ವ

ನನ್ನ ತವರು ಭೀಮಾ ಹೊಳೆಯ ದಂಡೆಗಿದೆ, ದೇವಣಗಾಂವದಿಂದ ದೂರವೇನಲ್ಲ. ನನ್ನನ್ನು ಕೊಟ್ಟದ್ದು ಮುದ್ದೇಬಿಹಾಳದ ಕಡೆ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಾಗ ಬಿಸಿಲು ಏರತೊಡಗಿತ್ತು, ಹೊಳೆ ಸೊರಗಿ ನಡುವೆ ಒಂದು ಗೆರೆಯಾಗಿ ಹರಿಯುತ್ತಿತ್ತು. ಹರಿಯುತ್ತಿತ್ತು ಎನ್ನುವುದೂ ಸುಳ್ಳೇ. ಮೇಲಿನ ದಂಡೆಯ ಸಕ್ಕರೆ ಕಾರ್ಖಾನೆ ಹಳ್ಳಕ್ಕೆ ಬಿಟ್ಟ ನೀರು ಇಳಿದುಬಂದು, ಹೊಳೆ ಕಾಕಂಬಿ ಕಲಸಿದಂತೆ ಕಂದಾಗಿ ನಿಂತಿತ್ತು. ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮೊದಲ ದಿನ ಜನ ಬುಟ್ಟಿ ತುಂಬ ಬಳಿದುಕೊಂಡು ಹೋದರು, ಮರುದಿನ ನಾಯಿಯೂ ಮೂಸಲಿಲ್ಲ. ಬಟ್ಟೆ ಒಗೆಯುವ ಹೆಂಗಸರ ಕಾಲಿಗೆ ತುರಿಕೆ ಎದ್ದಿತ್ತು. ಯಾಕೆಂದು ಕೇಳಿದರೆ ಎಲ್ಲರದೂ ಒಂದೇ ಮಾತು: "ಉಷ್ಣಕ್ಕ ಆಗೇತಿ."

ಉಷ್ಣವಂತೆ! ಕಾರ್ಖಾನೆ ಎಂಬ ಮಾತು ಒಬ್ಬರ ಬಾಯಲ್ಲೂ ಬರುತ್ತಿರಲಿಲ್ಲ. ಎಲ್ಲಿಂದ ಬಂದೀತು? ಊರ ಕಬ್ಬೆಲ್ಲ ಹೋಗುವುದು ಅಲ್ಲಿಗೇ. ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗುವವರಲ್ಲಿ ನನ್ನ ಅಣ್ಣನೂ ಒಬ್ಬ.

ನಮ್ಮಲ್ಲಿ ಬಾಣಂತಿ ಮೊದಲ ಸಲ ಹೊರಗೆ ಬಂದ ದಿನ ಹೊಳೆಗೆ ಹೋಗಿ ಗಂಗೆಪೂಜೆ ಮಾಡಬೇಕು. ದಂಡೆಯ ಮೇಲೆ ಕಲ್ಲು ಹೂಡಿ, ಅರಿಷಿಣ ಕುಂಕುಮ ಏರಿಸಿ, ಕೊಡ ತುಂಬಿಕೊಂಡು ಬರಬೇಕು. ಆ ನೀರಿನಲ್ಲೇ ಬಜೆ ತೇಯ್ದು ಕೂಸಿಗೆ ನೆಕ್ಕಿಸಬೇಕು. ಹೊಳೆಗಿಳಿಯುತ್ತಲೇ ನಾತ ಹೊಡೆಯಿತು, ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅವ್ವ ಕಣ್ಣು ಕೆಕ್ಕರಿಸಿದಳು.

"ಸೆರಗ ತಗಿ. ಗಂಗವ್ವನ ಮುಂದ ಮೂಗ ಮುಚ್ಚತಾರೇನ?"

"ಈ ನೀರ ನನ್ನ ಕೂಸಿನ ಬಾಯಾಗ ಹಾಕ್ತೀಯೇನವ್ವಾ? ನನ್ನ ಹೆಣದ ಮ್ಯಾಲ ಹಾಕು!"

ಆಗ ಅವ್ವ ಹೊಳೆಸಾಲಿನವರ ಹಳೆಯ ಉಪಾಯ ತೆಗೆದಳು. ಹರಿವಿನಿಂದ ದೂರ ಸರಿದು, ಉಸುಕಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈಯಿಂದ ಒರತೆ ತೋಡಿದಳು. ಮೊದಲು ಬಂದ ರಾಡಿಯನ್ನು ಬಟ್ಟಲಿನಿಂದ ಗೋರಿ ಚೆಲ್ಲಿದಳು. ಸ್ವಲ್ಪ ಹೊತ್ತಿಗೆ ತಳದಿಂದ ತಿಳಿನೀರು ಜಿನುಗಿತು. ಬಣ್ಣವಿಲ್ಲ, ನಾತವೂ ಇಲ್ಲ.

"ನೋಡು," ಎಂದಳು ಮುಖ ಅರಳಿಸಿ. "ಉಸುಕು ತಾಯಿ ಇದ್ದಂಗ. ಎಲ್ಲಾ ಸೋಸಿ ಕೊಡತೈತಿ."

ಬೇಸಿಗೆ ಬಂದರೆ ಊರಿಗೆ ಊರೇ ಒರತೆ ನೀರು ಕುಡಿದು ಬೆಳೆದದ್ದು. ನಾನು ಆ ನೀರನ್ನೇ ಕೊಡಕ್ಕೆ ತುಂಬಿಕೊಂಡೆ. ಉಸುಕು ರಾಡಿಯನ್ನು ಸೋಸೀತು, ನೀರಿನಲ್ಲಿ ಕರಗಿದ್ದನ್ನು ಎಲ್ಲಿ ಸೋಸುತ್ತದೆ? ಆ ಉಸುಕನ್ನಾದರೂ ಬಿಟ್ಟಿದ್ದಾರೆಯೇ? ಲಾರಿಗಟ್ಟಲೆ ಹೇರಿ ಸಾಗಿಸಿ, ಕೈ ಹಾಕಿದರೆ ತಳದ ಕೆಸರು ಹತ್ತುವಷ್ಟೇ ಉಳಿಸಿದ್ದರು.

ಬಜೆ ತೇಯ್ದು ನೆಕ್ಕಿಸಲು ಶುರುಮಾಡಿದ ಎರಡೇ ದಿನಕ್ಕೆ ಕೂಸಿಗೆ ವಾಂತಿಭೇದಿ ಹತ್ತಿತು. ಅಳಲಿಕ್ಕೂ ದನಿ ಉಳಿಯಲಿಲ್ಲ, ಕಣ್ಣು ಗುಳಿಬಿದ್ದವು. ಸಿಂದಗಿಯ ದವಾಖಾನೆಗೆ ಓಡಿದೆವು. ಎದೆಹಾಲು ಬಿಟ್ಟು ಬೇರೇನು ಕೊಟ್ಟಿರಿ ಎಂದು ಡಾಕ್ಟರಮ್ಮ ಕೇಳಿದರು. "ಏನೂ ಇಲ್ರಿ," ಎಂದಳು ಅವ್ವ. ನಾನು ಬಜೆಯ ಮಾತನ್ನೂ ಒರತೆಯ ಮಾತನ್ನೂ ಹೇಳಿದೆ. "ಇನ್ನ ಹೊರಗಿನ ನೀರು ಒಂದ ಹನಿನೂ ಬ್ಯಾಡ್ರಿ," ಎಂದರು ಡಾಕ್ಟರಮ್ಮ. ನನ್ನ ಪುಣ್ಯ, ಕೂಸು ಉಳಿಯಿತು.

ಮನೆಗೆ ಬಂದರೆ ಓಣಿಯ ಹೆಂಗಸರು ಕಟ್ಟೆಗೆ ಕೂತು ನ್ಯಾಯ ಮಾಡಿದ್ದರು. ನಾನು ಮೂಗು ಮುಚ್ಚಿದ್ದಕ್ಕೆ ಗಂಗವ್ವ ಸಿಟ್ಟಾದಳಂತೆ. "ತಪ್ಪಾತಂತ ಇನ್ನೊಮ್ಮೆ ಪೂಜಿ ಮಾಡವಾ, ಕೂಸಿಗಿ ಅದ ನೀರು ನೆಕ್ಕಸು," ಎಂದಳು ಎದುರುಮನೆ ಮುದುಕಿ. ಥೂ! ವಿಷ ಬಿಟ್ಟವನು ಹಾಯಾಗಿದ್ದ, ಮೂಗು ಮುಚ್ಚಿದವಳು ಪಾಪಿಯಾದಳು. ಅವರನ್ನೆಲ್ಲ ಬಾಯಿಗೆ ಬಂದಂತೆ ಬೈದೆ, ಇವತ್ತಿಗೂ ಅದಕ್ಕೆ ಪಶ್ಚಾತ್ತಾಪವಿಲ್ಲ.

ಮರುದಿನ ಅವ್ವ ಒಬ್ಬಳೇ ಹೋಗಿ ಒರತೆ ನೀರು ಚೊಂಬಿನಲ್ಲಿ ತಂದಳು. ನಾನು ಕೂಸನ್ನು ಎದೆಗೆ ಅವಚಿಕೊಂಡು ಗೋಡೆಗೆ ಬೆನ್ನು ಆನಿಸಿ ನಿಂತೆ.

"ಕೊಡಂಗಿಲ್ಲ."

"ಒಂದ ಹನಿ ತುಟಿಗಿ ಹಚ್ಚತೇನಿ."

"ಮುಟ್ಟಿದಿ ಅಂದ್ರ ಈಗಿಂದೀಗ ಬಸ್ ಹತ್ತತೇನಿ ನೋಡವ್ವಾ."

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಹೊಳೆಯ ದಿಕ್ಕಿಗೆ ತಿರುಗಿ, "ತಾಯಿ, ನನ್ನ ಮಗಳ ತಪ್ಪು ಹೊಟ್ಯಾಗ ಹಾಕ್ಕೊ," ಎಂದು ಕೈಮುಗಿದಳು. ನಾನು ಬೇಡವೆಂದು ಕೂಗುವಷ್ಟರಲ್ಲಿ ಚೊಂಬೆತ್ತಿ ಗಟಗಟ ಪೂರ್ತಿ ಕುಡಿದುಬಿಟ್ಟಳು.

ಮರುದಿನ ಹೊತ್ತೇರುವುದರೊಳಗೆ ಅವ್ವ ಹಾಸಿಗೆ ಹಿಡಿದಳು. ಮತ್ತೆ ಅದೇ ದವಾಖಾನೆ. ಅಣ್ಣ ಬಾಡಿಗೆಗೆ ಮಾಡಿಕೊಂಡು ಬಂದ ಗಾಡಿಯಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ವಾಂತಿಯ ನಡುವೆ ನನ್ನ ಕೈ ಗಟ್ಟಿಯಾಗಿ ಹಿಡಿದು, "ಯಾರರ ಕೇಳಿದ್ರ ಬಿಸಲ ಬಡದೈತಿ ಅನ್ನು," ಎಂದಳು. "ಹೊಳಿ ಮಾತ ಎತ್ತಬ್ಯಾಡ."

ಡಾಕ್ಟರಮ್ಮ ಕೇಳಿಯೇ ಕೇಳಿದರು. ಅವ್ವ ನನ್ನನ್ನೇ ನೋಡುತ್ತಿದ್ದಳು. ನನ್ನ ನಾಲಗೆ ಸುಳ್ಳಿಗೆ ಹೊರಳಲಿಲ್ಲ.

"ಹೊಳಿ ನೀರು ಕುಡದಾಳ್ರಿ," ಎಂದೆ. "ಕಾರ್ಖಾನಿ ನೀರು ಕೂಡಿದ ಹೊಳಿ."

ಅಣ್ಣ ನೆಲ ನೋಡಿದ. ಅವ್ವ ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡಳು.

"ಈಕಿನ್ನ ಕೂಸಿನ ಸುದ್ದಾ ಮುದ್ದೇಬಿಹಾಳಕ್ಕ ಕಳಿಸಿ ಬಾ," ಎಂದಳು ಅಣ್ಣನಿಗೆ. "ಹೊಳಿಗಿ ಕೆಟ್ಟ ಹೆಸರಿಟ್ಟಾಕಿ ನನ್ನ ಮಗಳಲ್ಲ."