ನಾಲ್ಕು ಟಿಕ್

ಸಿ.ವಿ. ರಾಮನ್ ನಗರದ ನಮ್ಮ ಆಫೀಸಿನಲ್ಲಿ ಲ್ಯಾಬುಗಳ ರಕ್ತಪರೀಕ್ಷೆಯ ರಿಪೋರ್ಟುಗಳನ್ನು ಎಕ್ಸ್‌ಎಂಎಲ್ ಫೈಲುಗಳಾಗಿ ಡಾಕ್ಟರುಗಳ ಬ್ರೌಸರಿಗೆ ಕಳಿಸುವ ಕೆಲಸ ನನ್ನದು. ಅಂಕಿಗಳೆಲ್ಲ ಒಂದು ಫೈಲಿನಲ್ಲಿ. ಅವುಗಳಿಗೆ ಹೆಸರು, ತಾರೀಖು ಹಚ್ಚಿ ಪಟ್ಟಿಯಾಗಿ ತೋರಿಸುವ ಸ್ಟೈಲ್‌ಶೀಟ್ ಇನ್ನೊಂದರಲ್ಲಿ. ಹೊಸದೇನಾದರೂ ಬಿಡುವ ಮುಂಚೆ ನಾಲ್ಕು ಬ್ರೌಸರುಗಳಲ್ಲಿ ತೆರೆದು ನೋಡಿ ನಾಲ್ಕು ಟಿಕ್ ಹಾಕಬೇಕು. ಹಾಕುತ್ತಿದ್ದುದೇನೋ ನಾಲ್ಕೇ, ನೋಡುತ್ತಿದ್ದುದು ಮಾತ್ರ ಒಂದರಲ್ಲಿ. "ಒಂದ್ರಲ್ಲಿ ಬಂತಲ್ಲ ಗುರು, ಸಾಕು ಬಾ, ಟೀ ಆರೋಗುತ್ತೆ" ಎನ್ನುತ್ತಿದ್ದ ಪಕ್ಕದ ಸೀಟಿನವನು. ಅವನನ್ನು ಬೈದು ಏನು ಬಂತು, ಕಳೆದ ಸಲ ಹೊಸ ಸ್ಟೈಲ್‌ಶೀಟ್ ಬಿಟ್ಟಾಗ ನಾಲ್ಕೂ ಟಿಕ್ ಹಾಕಿದ್ದು ನಾನೇ.

ಮರುವಾರವೇ ನನ್ನ ಮಗಳಿಗೆ ಡೆಂಗಿ. ಜ್ವರ ಬಿಟ್ಟಿತ್ತು, ಆದರೆ ಪ್ಲೇಟ್‌ಲೆಟ್ ಇಳಿದರೆ ಅಪಾಯ ಎಂದಿದ್ದರು ಹಲಸೂರಿನ ಡಾಕ್ಟರಮ್ಮ. ಹಿಂದಿನ ಸಂಜೆಯದೂ ಅಂದಿನ ಬೆಳಗಿನದೂ ಎರಡು ಎಣಿಕೆ ಮಧ್ಯಾಹ್ನ ಒಟ್ಟಿಗೆ ಅವರ ಫೋನಿಗೆ ಬಂದವು.

"ಮೂವತ್ತೆಂಟು ಸಾವಿರ ಇದ್ದದ್ದು ತೊಂಬತ್ತೆರಡಕ್ಕೆ ಏರಿದೆ ಕಣ್ರೀ. ಅಡ್ಮಿಟ್ ಬೇಡ, ಮನೆಗೆ ಕರ್ಕೊಂಡ್ಹೋಗಿ."

ಹೆಂಡತಿ ಕೈಮುಗಿದೇಬಿಟ್ಟಳು. ಅಬ್ಬಾ ಎಂದುಕೊಂಡು ನಾನೂ ಫೋನಿಗೆ ಇಣುಕಿದೆ. ಪಟ್ಟಿಯಿಲ್ಲ, ತಾರೀಖಿಲ್ಲ, ಬರೀ ಅಂಕಿಗಳ ಸಾಲು. ಆ ಫೋನಿನ ಬ್ರೌಸರ್ ನನ್ನ ಸ್ಟೈಲ್‌ಶೀಟನ್ನು ಮೂಸಿಯೂ ನೋಡಿರಲಿಲ್ಲ. ಫೈಲಿನಲ್ಲಿ ಹೊಸ ಎಣಿಕೆ ಮೊದಲು ಬರುವಂತೆ ಇಟ್ಟವನು ನಾನು. ಅಂದರೆ ಏರಿರಲಿಲ್ಲ, ಇಳಿದಿತ್ತು.

"ಮೇಡಂ, ಉಲ್ಟಾ ಓದಿದ್ರಿ. ಮೊದಲ್ನೇದು ಇವತ್ತಿಂದು."

"ನಿಮಗ್ಹೆಂಗ್ರೀ ಗೊತ್ತು?"

"ಇದನ್ನ ಮಾಡಿದ್ದು ನಾನೇ."

ಅವರು ನನ್ನನ್ನು ಒಮ್ಮೆ ದಿಟ್ಟಿಸಿ ಲ್ಯಾಬಿಗೆ ಫೋನ್ ಮಾಡಿದರು. ನಾನು ಹೇಳಿದ್ದೇ ನಿಜವಾಗಿತ್ತು. ತಕ್ಷಣ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಮಗಳು ಉಳಿಯುತ್ತಾಳೆ ಎಂಬ ಧೈರ್ಯ ಇನ್ನೇನು ಬರಬೇಕು, ಅಷ್ಟರಲ್ಲಿ ಅವರು ಮೇಜಿನ ಮೇಲಿದ್ದ ರಿಜಿಸ್ಟರ್ ಎಳೆದುಕೊಂಡರು.

"ಬೆಳಗ್ಗೆಯಿಂದ ಇಂಥವೇ ಇನ್ನೂ ಮೂರು ನೋಡಿದೀನಿ. ಏರಿದೆ ಅಂದ್ಕೊಂಡು ಮೂರೂ ಜನಾನ ಮನೆಗೆ ಕಳಿಸ್ಬಿಟ್ಟಿದೀನಿ."

ಮೊದಲ ನಂಬರು ಒತ್ತಿದರು. ರಿಂಗ್ ಆಗುತ್ತಲೇ ಇತ್ತು. ಮಗಳನ್ನೆತ್ತಿಕೊಂಡು ಬಾಗಿಲಲ್ಲಿ ನಿಂತ ಹೆಂಡತಿ "ಬೇಗ ಬನ್ರೀ" ಎಂದು ಕೂಗುತ್ತಿದ್ದಳು. ಆ ಕಡೆ ಯಾರೂ ಎತ್ತಲಿಲ್ಲ. ನನಗೆ ಹೆಜ್ಜೆ ಕೀಳಲಾಗಲಿಲ್ಲ.